ಪುಟಾಣಿ ತಿನ್ನುವ ಟೀಚರು

ಗುಬ್ಬಿಗೆ ಬಂದು ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೆ ಮಕ್ಕಳನ್ನು ತಿನ್ನುವವಳು ಎಂಬ ಹೆಸರು ಬಂತು.

ನಡೆದದ್ದು ಇಷ್ಟು. ಊರಿನ ಕೆಲವು ಹೆಂಗಸರು ಕೂಡಿ ನಡೆಸುತ್ತಿದ್ದ ಒಂದು ಶಿಶುವಿಹಾರ. ಒಂದೇ ಕೋಣೆ, ಮುಂದೆ ಸ್ವಲ್ಪ ಅಂಗಳ, ಅಂಗಳದಲ್ಲಿ ಎರಡು ತೆಂಗಿನಮರ. ಆಯಾ ರಂಗಮ್ಮ ಮಕ್ಕಳನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ‘ಪುಟಾಣಿಗಳಾ, ಹೊಸಾ ಟೀಚರ್ ಬಂದವ್ರೆ, ನಮಸ್ಕಾರ ಮಾಡಿ’ ಎಂದಳು. ಮಕ್ಕಳು ಕೈ ಮುಗಿದವು. ಅವರನ್ನು ಒಲಿಸಿಕೊಳ್ಳಬೇಕೆಂಬ ಹುರುಪಿನಲ್ಲಿ ನಾನು, ‘ನಾಳೆ ಎಲ್ಲಾರೂ ಅಳದಂಗ ಬರ್ರಿ. ಪುಟಾಣಿ ತಿನ್ನೂಣು. ಬೆಲ್ಲದ ಜೋಡಿ ತಿಂದ್ರ ಭಾಳ ರುಚಿ’ ಎಂದೆ.

ಮುಂದೆಯೇ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ನನ್ನ ಬಾಯಿಯನ್ನೇ ನೋಡಿದಳು, ಆಮೇಲೆ ಚಿಟ್ಟನೆ ಚೀರಿ ಬಾಗಿಲಿಗೆ ಓಡಿದಳು. ಅವಳ ಹಿಂದೆ ಉಳಿದವರೂ. ರಂಗಮ್ಮ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚದಿದ್ದರೆ ಅಂದು ಶಿಶುವಿಹಾರ ಖಾಲಿಯಾಗುತ್ತಿತ್ತು.

ಹುರಿದ ಕಡಲೆಗೆ ನಾವು ಪುಟಾಣಿ ಅನ್ನುತ್ತೇವೆಂದು ನನ್ನೂರು ಗದಗಿನ ಓದುಗರಾದ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಅದು ಹುರಿಗಡಲೆ. ಇಲ್ಲಿ ಪುಟಾಣಿ ಎಂದರೆ ಎಳೆಯ ಮಗು!

ಎಪ್ಪತ್ತರ ದಶಕದ ಕೊನೆಯ ಮಾತಿದು. ನಮ್ಮ ಮನೆಯವರಿಗೆ ರೈಲ್ವೆ ಕೆಲಸ. ಗುಬ್ಬಿ ಸ್ಟೇಷನ್ನಿಗೆ ವರ್ಗವಾದಾಗ ನಾನು ಧಾರವಾಡದಲ್ಲಿ ಬಾಲವಾಡಿ ತರಬೇತಿ ಮುಗಿಸಿದ್ದೆ. ಕನ್ನಡ ನಾಡೇ ಅಲ್ಲವೇ, ಪರದೇಶವೇನಲ್ಲ ಎಂದುಕೊಂಡು ರೈಲು ಹತ್ತಿದ್ದೆ. ಆದರೆ ಒಂದೇ ಭಾಷೆಯ ಊರಿನಲ್ಲಿ ಪರಕೀಯಳಾಗುವುದು ಇನ್ನೂ ಕಷ್ಟ. ಗೊತ್ತಿಲ್ಲ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ನಮ್ಮ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಜೊತೆಗೇ ಬರುತ್ತದೆ. ಇಲ್ಲಿಯ ಕೆಂಪು ಮಣ್ಣು ಸೀರೆಯ ಅಂಚನ್ನು ಹಿಡಿದರೆ ಎಷ್ಟು ಕುಸುಬಿದರೂ ಬಿಡದು. ರೊಟ್ಟಿ ತಟ್ಟುವ ಸದ್ದಿಲ್ಲದ ಬೆಳಗು ನನಗೆ ಬೆಳಗೆಂದೇ ಅನ್ನಿಸುತ್ತಿರಲಿಲ್ಲ. ರಂಗಮ್ಮ ಪ್ರೀತಿಯಿಂದ ತಂದುಕೊಟ್ಟ ರಾಗಿಮುದ್ದೆಯನ್ನು ನಾನು ಕಚಕಚ ಅಗಿದೆ. ‘ಅಯ್ಯೋ ನೀಲಮ್ಮಾ, ಅಗೀಬಾರ್ದು ಕಣವ್ವಾ, ನುಂಗ್‌ಬೇಕು’ ಎಂದು ಅವಳು ಬಿದ್ದು ಬಿದ್ದು ನಕ್ಕಳು. ನನ್ನ ಹೆಸರು ನೀಲವ್ವ. ಊರು ದಾಟುತ್ತಲೇ ನೀಲಮ್ಮ ಆಗಿದ್ದೆ.

ಚೀರಿ ಓಡಿದ ಹುಡುಗಿಯ ಹೆಸರು ಮುಬೀನಾ. ನಿಟ್ಟೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರನ ಮಗಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ತರಬೇತಿಯಲ್ಲಿ ನಮಗೆ ಒಂದು ಮಾತು ಹೇಳಿಕೊಟ್ಟಿದ್ದರು: ಮಗು ನಿನ್ನನ್ನು ನಂಬುವ ತನಕ ಅದಕ್ಕೆ ಏನನ್ನೂ ಕಲಿಸಲು ಹೋಗಬೇಡ. ಸಂಜೆ ಅವಳ ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ಜೈಬುನ್ ಸೆರಗು ಸರಿಮಾಡಿಕೊಂಡು, ‘ಬನ್ನಿ ಟೀಚರ್, ಕೂತ್ಕಳ್ಳಿ’ ಎಂದರು. ನಾನು ಬೆವರುತ್ತಾ ನಡೆದದ್ದನ್ನು ಹೇಳಿದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

‘ನಮ್ ನಾನಿ ಬಿಜಾಪುರದ ಕಡೆಯವ್ರು. ತಾಯಿಯ ತಾಯಿ. ಅವ್ರೂ ಹುರಿಗಡಲೆಗೆ ಫುಟಾಣೆ ಅಂತಾನೇ ಅಂತಿದ್ರು. ಎಷ್ಟ್ ವರ್ಷಾಯ್ತೋ ಆ ಮಾತು ಕೇಳಿ!’

ಪರವೂರಿನಲ್ಲಿ ನನ್ನ ಮಾತನ್ನು ಮೊದಲು ಗುರುತು ಹಿಡಿದದ್ದು ಕನ್ನಡದ ಮನೆಯಲ್ಲ, ಉರ್ದು ಮನೆ. ಜೈಬುನ್ ಒಳಗಿನಿಂದ ತಟ್ಟೆ ತುಂಬ ಹುರಿಗಡಲೆ ತಂದಿಟ್ಟರು. ನಾನು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಾ, ‘ಇದೇ ನೋಡವಾ ಪುಟಾಣಿ’ ಎಂದು ಬಾಗಿಲ ಕಡೆಗೆ ಹೇಳಿದೆ. ಬಾಗಿಲ ಮರೆಯಿಂದ ಮೊದಲು ಒಂದು ಕಣ್ಣು, ಆಮೇಲೆ ಒಂದು ಅಂಗೈ ಹೊರಗೆ ಬಂತು.

ಅಂದಿನಿಂದ ನಾನು ಕಲಿಸುವವಳೋ ಕಲಿಯುವವಳೋ ತಿಳಿಯದಂತಾಯಿತು. ಮಕ್ಕಳು ಮನೆಯಾಟ ಆಡುವಾಗ ನನ್ನನ್ನು ಸೊಸೆ ಮಾಡುತ್ತಿದ್ದರು. ‘ತಾಟು ತಗೊಂಡ್ ಬರ್ಲಿ?’ ಎಂದರೆ, ‘ತಾಟಲ್ಲ, ತಟ್ಟೆ ಅನ್ನು’ ಎಂದು ಅತ್ತೆಯಾದವಳು ಗದರುತ್ತಿದ್ದಳು. ನಮ್ಮಲ್ಲಿ ತೆಂಗಿನಕಾಯಿ ದೇವರಿಗೆ ಒಡೆಯುವ ವಸ್ತು. ಇಲ್ಲಿ ಮಕ್ಕಳ ಆಟಿಕೆಯೆಲ್ಲ ತೆಂಗಿನದೇ. ಚಿಪ್ಪು ಅಡುಗೆಯ ಪಾತ್ರೆ, ಗರಿ ಸುತ್ತಿದರೆ ಪೀಪಿ, ಬಿದ್ದ ಸೋಗೆ ಎಳೆದಾಡುವ ಗಾಡಿ. ನಾನೂ ನಮ್ಮ ಕಡೆಯದೊಂದನ್ನು ಕೊಟ್ಟೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಕೆರೆಯ ಜಿಗುಟು ಮಣ್ಣು ತರಿಸಿ, ‘ಎತ್ತು ಮಾಡೂಣು ಬರ್ರಿ’ ಎಂದು ಕೂರಿಸಿದೆ. ಎಲ್ಲರೂ ಎತ್ತಿಗೆ ಕೊಂಬು ಅಂಟಿಸುತ್ತಿದ್ದಾಗ ಮುಬೀನಾ, ‘ನಂಗೆ ಎತ್ತು ಬ್ಯಾಡ, ನಮ್ಮಪ್ಪನ್ ಬಸ್ ಮಾಡ್ತೀನಿ’ ಎಂದು ನಾಲ್ಕು ಚಕ್ರ ಉರುಟಿಸಿದಳು. ಅವಳು ನನ್ನೊಡನೆ ಆಡಿದ ಮೊದಲ ಪೂರ್ತಿ ಮಾತು ಅದು.

ಎರಡನೆಯ ವರ್ಷ ಕಷ್ಟ ಬಂತು. ಪೇಟೆಯಲ್ಲಿ ಇಂಗ್ಲಿಷ್ ನರ್ಸರಿಯೊಂದು ತೆರೆಯಿತು. ಅಲ್ಲಿ ಬೆಂಚು, ಸ್ಲೇಟು, ಕುತ್ತಿಗೆಗೆ ಟೈ. ನಮ್ಮ ಚಾಪೆಯಿಂದ ಒಬ್ಬೊಬ್ಬರೇ ಎದ್ದು ಹೋಗತೊಡಗಿದರು. ತಂದೆಯೊಬ್ಬರು ಮಗನ ಕೈ ಹಿಡಿದು ಹೊರಡುತ್ತಾ, ‘ಆಟ ಮನೇಲೇ ಆಡ್ತಾನೆ ಬುಡಮ್ಮ, ಅದಕ್ಯಾಕೆ ಟೀಚರು?’ ಎಂದರು. ನನ್ನಲ್ಲಿ ಉತ್ತರವಿತ್ತು, ಅದನ್ನು ಅವರ ಕನ್ನಡದಲ್ಲಿ ಹೇಳಲು ಬರಲಿಲ್ಲ.

ಸಮಿತಿಯ ಅಧ್ಯಕ್ಷೆ ಪಾರ್ವತಮ್ಮನವರು ಹೈಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಬೀದಿಯಲ್ಲಿ ಅವರು ನಡೆದು ಬಂದರೆ ದೊಡ್ಡವರೂ ಸೈಕಲ್ಲಿನಿಂದ ಇಳಿಯುತ್ತಿದ್ದರು. ಅವರು ನನ್ನನ್ನು ಕರೆಸಿ ನೇರವಾಗಿಯೇ ಹೇಳಿದರು: ‘ನೋಡಿ ನೀಲಮ್ಮ, ನಿಮ್ ಮೇಲೆ ನಂಗೇನೂ ಕೋಪ ಇಲ್ಲ. ದಸರಾ ಕಳೆದ್ಮೇಲೆ ಸಮಿತಿಯವ್ರನ್ನ, ತಾಯಂದಿರನ್ನ ಕರ್ಕೊಂಡು ಬರ್ತೀನಿ. ಮಕ್ಳು ಏನ್ ಕಲ್ತಿದಾರೆ ತೋರ್ಸಿ. ಏನೂ ಇಲ್ಲ ಅಂದ್ರೆ ಸ್ಲೇಟು ಹಿಡ್ಸೋ ಬೇರೆ ಟೀಚರ್ನ ನೋಡ್ತೀವಿ.’

ಮನೆಗೆ ಬಂದು ಅತ್ತುಬಿಟ್ಟೆ. ‘ಅವರು ಹೇಳಿದಂಗ ಬರಸಿಬಿಡು. ನಿಂದೇನು ಹಟ?’ ಎಂದರು ಮನೆಯವರು. ಬರೆಸಿದೆ ಕೂಡ. ಸಾಲಾಗಿ ಕೂರಿಸಿ, ಸ್ಲೇಟು ಕೊಟ್ಟು, ಅ ತಿದ್ದಿಸಿದೆ. ಒಂದು ವಾರ ತುಂಬುವಷ್ಟರಲ್ಲಿ ಕೋಣೆಯಲ್ಲಿ ಸದ್ದೇ ಇಲ್ಲ. ಇಡೀ ಅಂಗಳವನ್ನು ತಲೆಯ ಮೇಲೆ ಹೊರುತ್ತಿದ್ದ ಮುಬೀನಾ ಮತ್ತೆ ಬಾಗಿಲ ಮರೆಗೆ ಹೋಗಿ ನಿಲ್ಲತೊಡಗಿದಳು. ಬಳಪ ಹಿಡಿದ ಚಂದ್ರು ಎಂಬ ಹುಡುಗ ತಪ್ಪಾದಾಗಲೆಲ್ಲ ನನ್ನ ಕೈಯನ್ನು ನೋಡುತ್ತಿದ್ದ, ಹೊಡೆತ ಬೀಳುವುದೇ ಎಂದು. ನಾನು ಯಾರನ್ನೂ ಹೊಡೆದವಳಲ್ಲ. ಆದರೂ ಅವನು ಹಾಗೆ ನೋಡಿದ್ದು ನನಗೆ ತಡೆಯಲಾಗಲಿಲ್ಲ. ಕೆಲಸ ಹೋದರೆ ಹೋಗಲಿ ಎಂದುಕೊಂಡು ಸ್ಲೇಟುಗಳನ್ನು ರಂಗಮ್ಮನ ಕೈಗೆ ಕೊಟ್ಟು ಅಟ್ಟದ ಮೇಲೆ ಇರಿಸಿದೆ. ‘ನಡೀರಿ ಹೊರಗ’ ಎಂದೆ.

ದಸರಾ ಕಳೆಯಿತು. ಪಾರ್ವತಮ್ಮನವರು ಸಮಿತಿಯವರೊಡನೆ ಬಂದರು. ಗೋಡೆಯ ಪಕ್ಕ ತಾಯಂದಿರು ನಿಂತರು. ಎಲ್ಲರಿಗಿಂತ ಹಿಂದೆ ಜೈಬುನ್. ಒಂದು ಹಾಡು ಹೇಳಿಸಬೇಕೆಂದು ನಾನು ತಯಾರಿ ಮಾಡಿದ್ದೆ. ಮಕ್ಕಳಿಗೆ ಅದರ ಗೊಡವೆಯೇ ಇಲ್ಲ. ಅಂಗಳದಲ್ಲಿ ಆಗಲೇ ಬಸ್ಸು ಹೊರಡುವುದರಲ್ಲಿತ್ತು. ಬಸ್ಸೆಂದರೆ ಉದ್ದದ ಎರಡು ಚಾಪೆ, ಸ್ಟಿಯರಿಂಗಿಗೆ ಹಳೆಯ ಜರಡಿಯ ಬಳೆ. ಮುಬೀನಾ ಕಂಡಕ್ಟರು. ಗರಿಯ ಪೀಪಿ ಊದಿ ಕೂಗಿದಳು:

‘ನಿಟ್ಟೂರ್, ನಿಟ್ಟೂರ್! ಅಜ್ಜೀ, ಎಲ್ಲಿಗ್ ಹೋಗ್ಬೇಕು?’

ಪಾರ್ವತಮ್ಮನವರು ಗಂಭೀರವಾಗಿ, ‘ನಾನೆಲ್ಲೂ ಹೋಗಲ್ಲಮ್ಮ’ ಎಂದರು.

‘ಮತ್ಯಾಕ್ ಸ್ಟಾಪಲ್ ನಿಂತಿದೀರ? ಹತ್ತಿ ಬೇಗ, ಲೇಟಾಯ್ತದೆ!’

ಪಾರ್ವತಮ್ಮನವರು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು ಚಾಪೆಗೆ ಕಾಲಿಟ್ಟರು. ಮುಬೀನಾ ಬೆರಳು ಮಡಚಿ ಎಣಿಸಿದಳು. ‘ಸೀಟ್ ನಾಕೇ ಐತೆ, ಜನ ಐದಾದ್ರು. ಲೇ ಚಂದ್ರು, ಏಳೋ. ಅಜ್ಜಿಗೆ ಮಂಡಿ ನೋಯ್ತದೆ.’

‘ನಾನ್ಯಾಕ್ ಏಳ್ಲಿ? ನಾನೇ ಮೊದ್ಲು ಬಂದಿದ್ದು ಕಣೇ!’

‘ನಮ್ಮಪ್ಪನ್ ಬಸ್ನಾಗೆ ಮುದುಕ್ರಿಗೆ ಸೀಟ್ ಬಿಡ್ಬೇಕು.’

‘ನಂಗೂ ಕಾಲ್ ನೋಯ್ತದೆ.’

ಜಗಳ ಹತ್ತಿತು. ಬಿಡಿಸಲು ನಾನು ಮುಂದೆ ಹೆಜ್ಜೆ ಇಟ್ಟೆ. ಪಾರ್ವತಮ್ಮನವರು ಕೈ ಎತ್ತಿ ನನ್ನನ್ನು ತಡೆದರು. ಮುಬೀನಾ ಪೀಪಿಯನ್ನು ಕೆನ್ನೆಗೊತ್ತಿಕೊಂಡು ಯೋಚಿಸಿದಳು. ಆಮೇಲೆ, ‘ಸರಿ. ಅಜ್ಜೀ, ನೀವು ಕೂತ್ಕಳ್ಳಿ. ಚಂದ್ರು, ನೀನು ಅಜ್ಜಿ ತೊಡೆ ಮೇಲ್ ಕೂತ್ಕೊ. ಈಗ ನಾಕೇ ಸೀಟು. ರೈಟ್!’ ಎಂದಳು.

ಗುಬ್ಬಿಯವರನ್ನೆಲ್ಲ ಸೈಕಲ್ಲಿನಿಂದ ಇಳಿಸುವ ಪಾರ್ವತಮ್ಮನವರು ಚಾಪೆಯ ಮೇಲೆ ಕೂತರು. ಚಂದ್ರು ಅವರ ತೊಡೆ ಹತ್ತಿದ. ದಾರಿಯಲ್ಲಿ ಪಂಕ್ಚರ್ ಆಯಿತೆಂದು ಡ್ರೈವರಾಗಿದ್ದ ಹುಡುಗ ಎಲ್ಲರನ್ನೂ ಇಳಿಸಿ ತಳ್ಳಿಸಿದ; ಅವರೂ ತಳ್ಳಿದರು. ನಗೆ ತಡೆಯಲಾರದೆ ತಾಯಂದಿರು ಗೋಡೆಗೆ ಒರಗಿದರು.

ಸಮಿತಿಯ ಒಬ್ಬರು ಮಾತ್ರ ಬಿಡಲಿಲ್ಲ. ‘ಎಲ್ಲಾ ಚೆನ್ನಾಗೈತೆ. ಆದ್ರೆ ಅಆಇಈ?’

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಜೈಬುನ್ ಧ್ವನಿ ಬಂತು. ನಾಲ್ಕು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ‘ಅಮ್ಮಾ, ನನ್ ಮಗ್ಳು ಮೊದ್ಲು ಮನೆ ಹೊಸ್ತಿಲು ದಾಟ್ತಿರ್ಲಿಲ್ಲ. ಕನ್ನಡದಾಗೆ ಒಂದ್ ಮಾತೂ ಆಡ್ತಿರ್ಲಿಲ್ಲ. ಈವತ್ತು ನಿಮ್ಮನ್ನೆಲ್ಲ ಬಸ್ ಹತ್ತಿಸ್ತಾವ್ಳೆ. ಅಕ್ಷರ ಎಲ್ಲಿಗ್ ಓಡೋಯ್ತದೆ?’

ಪಾರ್ವತಮ್ಮನವರು ಸೀರೆಯ ಧೂಳು ಕೊಡವಿಕೊಳ್ಳುತ್ತಾ ನನ್ನ ಬಳಿ ಬಂದರು. ‘ಅಷ್ಟು ವರ್ಷ ಹೆಡ್‌ಮಿಸ್ ಆಗಿದ್ದೆ ನೀಲಮ್ಮ. ಒಂದ್ ಮಗೂನೂ ಹೀಗೆ ಬಂದು ನನ್ ತೊಡೆ ಮೇಲೆ ಕೂತಿರ್ಲಿಲ್ಲ’ ಎಂದರು. ಒಳಗೆ ಅಟ್ಟದ ಕಡೆ ನೋಡಿ, ‘ಸ್ಲೇಟು ಅಲ್ಲೇ ಇರ್ಲಿ. ಮಕ್ಳು ಕೇಳ್ದಾಗ ಕೊಡಿ’ ಎಂದು ಹೊರಟರು.

ಗೆದ್ದೆ! ಸ್ಟೇಷನ್ನಿನ ಪಕ್ಕದ ನಮ್ಮ ಮನೆಯ ತನಕ ನಾನು ನಡೆದೆನೋ ಹಾರಿದೆನೋ ತಿಳಿಯದು. ನರ್ಸರಿಗೆ ಹೋಗಿದ್ದ ಮಕ್ಕಳು ಕೆಲವರು ಟೈ ಸಮೇತ ಮರಳಿದರು. ಆ ಟೈಗಳು ನಮ್ಮ ಬಸ್ಸಿಗೆ ಹಗ್ಗವಾದವು. ಒಂದು ಮುಂಜಾನೆ ಮುಬೀನಾ ತಾನಾಗಿಯೇ ಬಂದು, ‘ಬಸ್ಸಿಗೆ ಬೋರ್ಡ್ ಬರೀಬೇಕು, ಸ್ಲೇಟ್ ಕೊಡಿ’ ಎಂದಳು. ಅವಳು ಕಲಿತ ಮೊದಲ ಅಕ್ಷರ ಅ ಅಲ್ಲ, ನಿಟ್ಟೂರಿನ ನಿ. ಎಂಬತ್ತರ ದಶಕ ಬಂದಾಗ ಸಿ.ಎಸ್. ಪುರದವರು, ಆಮೇಲೆ ಕುಣಿಗಲ್ ತಾಲೂಕಿನ ಅಮೃತೂರಿನವರು, ತಮ್ಮೂರಲ್ಲೂ ಇಂಥದ್ದೊಂದು ಮಾಡಬೇಕೆಂದು ನನ್ನನ್ನು ಕರೆದರು. ತುಮಕೂರಿನಲ್ಲಿ ಹೊಸ ಟೀಚರುಗಳ ಮುಂದೆ ನಿಲ್ಲಿಸಿದಾಗ ನಾನು ಭಾಷಣ ಮಾಡಲಿಲ್ಲ. ಕೆರೆಮಣ್ಣಿನ ಬುಟ್ಟಿ ಮುಂದಿಟ್ಟು, ‘ಮೊದ್ಲು ನೀವ್ ಆಡಿ’ ಎಂದೆ. ಇಸ್ತ್ರಿ ಸೀರೆಯವರೆಲ್ಲ ನೆಲಕ್ಕೆ ಕೂತರು.

ಕಳೆದ ಬೇಸಗೆಯಲ್ಲಿ ಗದಗಿಗೆ ಬಂದಿದ್ದೆ. ಅವ್ವನ ಮನೆಯಲ್ಲಿ ತಂಗಿಯ ಮಗಳು ಟವೆಲ್ಲನ್ನು ಸೀರೆಯಂತೆ ಸುತ್ತಿಕೊಂಡು, ‘ಬನ್ರಪ್ಪಾ, ಕೂತ್ಕಳ್ರೋ, ಗಲಾಟೆ ಮಾಡ್ಬೇಡಿ ಕಣ್ರೋ’ ಎಂದು ನನ್ನಂತೆಯೇ ಆಡಿ ತೋರಿಸಿದಳು. ಮನೆ ತುಂಬ ನಗು. ಅವ್ವ ಮಾತ್ರ ನಗಲಿಲ್ಲ. ‘ನೀ ಆ ಊರಾಕಿನ ಆಗಿ ಬಿಟ್ಟಿ’ ಎಂದಳು. ಇಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಯಾವ ಕನ್ನಡದಲ್ಲಿ ಇಲ್ಲ ಅನ್ನಲಿ ಎಂದು ನಾಲಿಗೆ ತೊಡರಿತು.

ಜೂನಿನಲ್ಲಿ ಗುಬ್ಬಿಗೆ ಮರಳಿದೆ. ಬಾಗಿಲು ತೆರೆದ ದಿನ ಹೊಸ ಮಗುವೊಂದು ತಾಯಿಯ ಸೆರಗು ಬಿಡದೆ ಅಳುತ್ತಿತ್ತು. ನಾನು ಎದ್ದು ಹೋಗುವ ಮೊದಲೇ ನಮ್ಮ ಹಳೆಯ ಹುಡುಗಿಯೊಬ್ಬಳು, ಇದೇ ಗುಬ್ಬಿಯಲ್ಲಿ ಹುಟ್ಟಿ ಗದಗ ಯಾವ ದಿಕ್ಕಿಗಿದೆ ಎಂದೂ ತಿಳಿಯದವಳು, ಅದರ ಬೆನ್ನು ಸವರಿದಳು. ‘ಅಳಬ್ಯಾಡ ನಮ್ಮವ್ವ, ನಾ ಅದೀನಲ್ಲ’ ಎಂದಳು.

ಥೇಟ್ ನನ್ನ ಅವ್ವನ ಧಾಟಿ; ಅತ್ತ ಮಕ್ಕಳಿಗೆ ನಾನೇ ಹೇಳುತ್ತಿದ್ದ ಮಾತು. ಮಗು ಸೆರಗು ಬಿಟ್ಟು ಅವಳ ಕೈ ಹಿಡಿಯಿತು. ನಾನು ಎದ್ದವಳು ಹಾಗೆಯೇ ನಿಂತುಕೊಂಡೆ.