ಚೀಟಿಯಲ್ಲಿದ್ದದ್ದು ಕಾಲು

ಬೀಗ ರಿಪೇರಿಯವನಿಗೆ ಬೀದಿಯವರು 'ಕಮಾಂಡರ್' ಎಂದು ಹೆಸರಿಟ್ಟಿದ್ದು ಗೇಲಿಗೆ. ಪುಣ್ಯಾತ್ಮ ಅದನ್ನು ಬಿರುದೆಂದೇ ತಿಳಿದ. ಬೆಂಕಿ, ನೆರೆ, ಭೂಕಂಪ ಬಂದರೆ ಏನು ಮಾಡಬೇಕೆಂದು ನಗರಸಭೆಯವರು ಸ್ವಯಂಸೇವಕರಿಗೆ ತರಬೇತಿ ಕೊಟ್ಟು, ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ಕಳಿಸಿದ ಮೇಲಂತೂ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀಗ ತೆರೆಸಲು ಬಂದವರಿಗೂ ಗ್ಯಾಸ್ ಬಂದ್ ಮಾಡುವ ಪಾಠ. ಬೀಗ ಮಾತ್ರ ಹಾಗೇ ಬಿದ್ದಿರುತ್ತಿತ್ತು.

ಅಣಕು ಭೂಕಂಪದ ದಿನ ಬಂತು. ಕಟ್ಟಡದಿಂದ ಜನರನ್ನು ಹೇಗೆ ಹೊರತರುತ್ತಾರೆಂದು ನೋಡಿ, ಬಡಾವಣೆಯ ತಂಡಕ್ಕೆ ಮುಖ್ಯಸ್ಥ ಯಾರೆಂದು ಅಗ್ನಿಶಾಮಕ ದಳದ ಅಧಿಕಾರಿ ಅಂದೇ ಹೇಳುವವರಿದ್ದರು. ಕಮಾಂಡರ್ ಆ ಪದವಿಗಾಗಿ ಬಾಯಿಬಾಯಿ ಬಿಡುತ್ತಿದ್ದ. ಗಾಯಾಳುಗಳಾಗಿ ನಟಿಸುವವರ ಕೊರಳಿಗೆ ರಟ್ಟಿನ ಚೀಟಿ ತೂಗುಹಾಕಬೇಕಿತ್ತು. 'ಬಲಗಾಲು ಮುರಿದಿದೆ' ಎಂಬುದಕ್ಕೆ ಯಾರೂ ಸಿಗದೆ, ಅದನ್ನು ಚಿಕ್ಕಮ್ಮನಿಗೆ ಹಾಕಿದ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ.

"ನಂಗೆ ನಾಟಕ ಗೀಟಕ ಬರಲ್ಲ ಕಣೋ."

"ಸುಮ್ನೆ ಮೆಟ್ಟಿಲ ಹತ್ರ ಕೂತು 'ಅಯ್ಯೋ ಕಾಲು' ಅನ್ನು, ಸಾಕು."

ಸೈರನ್ ಕೂಗಿತು. ದಡದಡ ಇಳಿಯುತ್ತಿದ್ದ ಯಾರೋ ತಾಗಿ ಚಿಕ್ಕಮ್ಮ ಮೆಟ್ಟಿಲಿಂದ ಜಾರಿ, ಊರಿದ ಎಡಗೈ ಮೇಲೆ ಬಿದ್ದಳು. ಕಮಾಂಡರ್ ಮೆಗಾಫೋನ್‌ನಲ್ಲಿ ಕೂಗುತ್ತಾ ಸ್ಟ್ರೆಚರ್‌ನವರೊಂದಿಗೆ ಬಂದಾಗ ಅವಳ ಮುಖ ಬಿಳುಚಿಕೊಂಡಿತ್ತು.

"ಅಯ್ಯೋ, ಕೈ ಕಣೋ... ಕೈ."

ಅಧಿಕಾರಿ ಪಕ್ಕದಲ್ಲೇ ಇದ್ದರು. ಕಮಾಂಡರನ ಮೈ ಉರಿಯಿತು. ಬಾಯಿಂದ ಮೆಗಾಫೋನ್ ಇಳಿಸಲೂ ಇಲ್ಲ.

"ಚಿಕ್ಕಮ್ಮ, ನಿನ್ನ ಚೀಟೀಲಿರೋದು ಕಾಲು! ಕೈ ಅಲ್ಲ, ಕಾಲು!"

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಅವಳು ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಇವನು ಗಟ್ಟಿಮುಟ್ಟಾಗಿದ್ದ ಬಲಗಾಲಿಗೆ ಮರದ ಪಟ್ಟಿಯಿಟ್ಟು, ಕಲಿಸಿದ ಹಾಗೆಯೇ ಬಟ್ಟೆ ಸುತ್ತಿದ. ಕಟ್ಟು ಅಚ್ಚುಕಟ್ಟಾಗಿತ್ತು, ಅಧಿಕಾರಿಯೂ ತಲೆದೂಗಿದರು. ಆಮೇಲೆ ಅವಳನ್ನು ಎಡಗೈ ಹಿಡಿದೇ ಎತ್ತಿದ. ಅವಳು ಚೀರಿದ ಚೀರಿಗೆ ನಗು ನಿಂತಿತು. ಅಧಿಕಾರಿ ಸೆರಗು ಸರಿಸಿ ನೋಡಿದರೆ ಮಣಿಕಟ್ಟು ಊದಿಕೊಂಡು ಸೊಟ್ಟಗಾಗಿತ್ತು.

ಆಸ್ಪತ್ರೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕುತ್ತಿದ್ದ ನರ್ಸ್, "ಕಾಲಿಗೇನಾಯ್ತಮ್ಮ?" ಎಂದು ಕೇಳಿದಳು. ಆ ಕಟ್ಟು ಬಿಚ್ಚಲು ಯಾರಿಗೂ ನೆನಪಾಗಿರಲಿಲ್ಲ. ಅಣಕು ಕಂಪನಕ್ಕೆ ಬಾಯಿಬಿಡದ ಭೂಮಿ ಈಗಲಾದರೂ ಬಾಯಿಬಿಡಬಾರದೇ ಅನ್ನಿಸಿತು ಕಮಾಂಡರನಿಗೆ.

"ಇವ್ನದೇನೂ ತಪ್ಪಿಲ್ಲಮ್ಮ," ಎಂದಳು ಚಿಕ್ಕಮ್ಮ. "ನಂದೇ ಎಡವಟ್ಟು. ಕಾಲು ಅನ್ನು ಅಂದಿದ್ದ, ನಾನು ಕೈ ಅಂದ್ಬಿಟ್ಟೆ."

ಚುಚ್ಚಲು ಆಡಿದ ಮಾತಲ್ಲ ಅದು. ಅವನ ಮಾನ ಉಳಿಸಲೆಂದೇ ಆಡಿದ್ದು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ನೆಲದ ಮೇಲೆ ಕೂತು ಕಟ್ಟು ಬಿಚ್ಚತೊಡಗಿದ. ಎಂಥೆಂಥ ಬೀಗ ತೆರೆದ ಬೆರಳುಗಳಿಗೆ ತಾವೇ ಹಾಕಿದ ಗಂಟು ಬಿಚ್ಚಲಾಗಲಿಲ್ಲ.

ಮರುತಿಂಗಳ ಅಣಕು ಭೂಕಂಪಕ್ಕೆ ಹೂವಿನಂಗಡಿಯಾಕೆ ಮುಖ್ಯಸ್ಥೆ. ಇವನು ಜಾಕೆಟ್ ಕಳಚಿ, ಅದೇ ಚೀಟಿಯನ್ನು ತಾನಾಗಿ ಕೊರಳಿಗೆ ಹಾಕಿಕೊಂಡು ಅದೇ ಮೆಟ್ಟಿಲ ಬಳಿ ಕೂತ. ಆಕೆ ಓಡಿಬಂದು, ಚೀಟಿಯತ್ತ ಕಣ್ಣೂ ಹಾಯಿಸದೆ ಅವನ ಮುಖ ನೋಡಿದಳು.

"ಎಲ್ಲಿ ನೋವು ಅಣ್ಣಾ?"

ಅಂದು ತಾನು ಕೇಳದೇ ಹೋದ ಮಾತು ಅಷ್ಟೇ ಆಗಿತ್ತು. ಮೇಲಿನ ಕಿಟಕಿಯಿಂದ, ಪ್ಲಾಸ್ಟರ್ ಹಾಕಿದ ಕೈ ಆಡಿಸುತ್ತಾ ಚಿಕ್ಕಮ್ಮ ಕೂಗಿ ಹೇಳಿಕೊಟ್ಟಳು:

"ಕಾಲು ಅನ್ನೋ! ಮರೆತು ಕೈ ಅಂದೀಯ!"

ಎಲ್ಲರೂ ನಕ್ಕರು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.