ಲಿಮಾ ಸುತ್ತಿಬಂದ ಪ್ರಭಾ

ಇನ್ನೂ ಬೆಳಕು ಹರಿದಿಲ್ಲ. ಅಮೆರಿಕದ ಫ್ರೀಮಾಂಟಿನ ದೋಸೆ ಹೋಟೆಲಿನ ಹಿಂಬಾಗಿಲು ತೆಗೆದು ಒಳಬಂದ ಪ್ರಭಾ, ರಾತ್ರಿಯೆಲ್ಲ ಉಕ್ಕಿದ ಹಿಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ ಕಲಸುತ್ತಾರೆ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿರುವ ಎಲ್ವೀರಾ (ಹೆಸರು ಬದಲಿಸಿದೆ) ಪೆರು ದೇಶದ ಲಿಮಾ ನಗರದವರು. ಇಬ್ಬರ ಮಾತು ಅರ್ಧ ಸ್ಪ್ಯಾನಿಷ್, ಅರ್ಧ ಕನ್ನಡ. ಹೊರಗೆ ದೋಸೆ ಮುರಿಯುತ್ತಾ ಹೊಸ ಕಂಪನಿ, ಷೇರು ಎಂದು ಮಾತಾಡುವ ಎಂಜಿನಿಯರುಗಳಿಗೆ ಈ ಇಬ್ಬರ ಮುಖ ಗೊತ್ತಿಲ್ಲ.

ಮಂಡ್ಯ ಕಡೆಯ ಪ್ರಭಾ, ಪಕ್ಕದೂರು ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿಯುವ ಗಂಡ ಕೆಂಪರಾಜು ಜೊತೆ ಇಲ್ಲಿಗೆ ಬಂದವರು. ಮೊದಮೊದಲು ಅಪಾರ್ಟ್‌ಮೆಂಟಿನ ಹೊಸಿಲು ದಾಟಲೂ ಅಂಜುತ್ತಿದ್ದರು. ಹೋಟೆಲಿನ ಕೆಲಸಕ್ಕೆ ಸೇರಿದ ಮೇಲೆ ಅವರನ್ನು ಬಸ್ಸು ಹತ್ತಿಸಿ ಊರು ತೋರಿಸಿದವರು ಎಲ್ವೀರಾ.

ಕಳೆದ ವರ್ಷ, ಅಂದರೆ 1999ರಲ್ಲಿ, ಎಲ್ವೀರಾ ಅವರ ತಾಯಿ ಹುಸ್ತೀನಾ ಕಾಯಿಲೆಯಿಂದ ಎದ್ದಿದ್ದರು. ಮಗಳಿಗೆ ಹೋಗಿ ನೋಡುವಂತಿಲ್ಲ. ಕಾಗದಪತ್ರ ಸರಿಯಿಲ್ಲ, ಹೋದರೆ ಮರಳಿ ಬರುವಂತಿಲ್ಲ. ಪ್ರಭಾ ಕೈಗೆ ಆಗಷ್ಟೇ ಅಮೆರಿಕದ ಪಾಸ್‌ಪೋರ್ಟು ಬಂದಿತ್ತು.

“ರಜಾ ಹಾಕಿ ನಾನೇ ಹೋಗ್ ಬತ್ತೀನಿ ಅಂದೆ. ನಮ್ಮನೆಯವ್ರು, ‘ಒಬ್ಳೇನಾ? ಭಾಷೆ ಏನ್ ಮಾಡ್ತೀಯಾ?’ ಅಂದ್ರು. ‘ಅಡಿಗೆಮನೆ ಸ್ಪ್ಯಾನಿಷ್ ಇದ್ಯಲ್ರೀ’ ಅಂದೆ,” ಎನ್ನುತ್ತಾರೆ.

ಲಿಮಾದಲ್ಲಿ ಆಗ ಚಳಿಗಾಲ. ಆಕಾಶ ಬೂದಿ ಬಣ್ಣ. ಮಳೆಯೂ ಅಲ್ಲದ, ಮಂಜೂ ಅಲ್ಲದ ಸಣ್ಣ ಹನಿ. ಕಿಕ್ಕಿರಿದ ವ್ಯಾನುಗಳ ಬಾಗಿಲಲ್ಲಿ ಜೋತುಬಿದ್ದು ಬೀದಿಗಳ ಹೆಸರು ಕೂಗುವ ಕಂಡಕ್ಟರುಗಳು. ಹುಸ್ತೀನಾ ಇರುವ ಗುಡ್ಡದ ಬಡಾವಣೆಗೆ ಹೋಗುವಾಗ ಸಿನಿಮಾ ಟಾಕೀಸಿನ ಎದುರು ಇಳಿಯಬೇಕೆಂದು ಎಲ್ವೀರಾ ಹೇಳಿದ್ದರು. ಎಲ್ವೀರಾ ಊರು ಬಿಟ್ಟ ಮೇಲೆ ಆ ಟಾಕೀಸು ಪ್ರಾರ್ಥನಾ ಮಂದಿರವಾಗಿತ್ತು. ಪ್ರಭಾಗೆ ಗುರುತು ಸಿಗಲಿಲ್ಲ. ವ್ಯಾನು ಊರಾಚೆ ಒಯ್ದು ಇಳಿಸಿತು.

“ಅಳು ಬಂತು. ಬಿಸಿ ಕಷಾಯ ಮಾರೋ ಹೆಂಗ್ಸು ಒಂದ್ ಲೋಟ ಕೊಟ್ಳು. ಕುಡ್ದೆ. ಆಮೇಲೆ ದಾರಿ ಕೇಳ್ಕೊಂಡು ನಡ್ದೆ.”

ಸಂತೆ ದಾಟಿ, ಗುಡ್ಡದ ಮೆಟ್ಟಿಲು ಹತ್ತಿ ಮನೆ ಮುಟ್ಟಿದಾಗ ಸಂಜೆ. ಎಲ್ವೀರಾ ಹೆಸರು ಹೇಳುತ್ತಲೇ ಹುಸ್ತೀನಾ ಪ್ರಭಾರ ಕೈ ಹಿಡಿದುಕೊಂಡರು. ಅಂಗೈ ತಿರುಗಿಸಿ, ಕಾವಲಿ ಸುಟ್ಟ ಕಲೆಗಳನ್ನು ಸವರಿ, “ನನ್ನ ಮಗಳಿಗೂ ಹೀಗೇನಾ?” ಎಂದರು.

“ಸುಳ್ಳು ಹೇಳಕ್ ಮನಸ್ಸು ಬರ್ಲಿಲ್ಲ. ‘ಹೂಂ, ಆದ್ರೆ ನಗ್ತಾಳೆ’ ಅಂದೆ. ಮುದುಕಿ ಅತ್ತು, ಆಮೇಲೆ ಆಲೂಗಡ್ಡೆ ಬೇಯಿಸ್ತು.”

ಮರುದಿನದಿಂದ ಇಬ್ಬರೂ ಊರು ತಿರುಗಿದರು. ಕೆತ್ತನೆಯ ಮರದ ಬಾಲ್ಕನಿಗಳ ಹಳೇ ಬೀದಿ, ನೇರಳೆ ಬಣ್ಣದ ಮೆಕ್ಕೆಜೋಳದ ಗಂಜಿ ಮಾರುವ ಮೂಲೆ, ಕಡಿದಾದ ದಂಡೆಯ ಕೆಳಗಿನ ಕಡಲು. ಕಾಯಿಲೆ ಬಿದ್ದಮೇಲೆ ಹುಸ್ತೀನಾ ಗುಡ್ಡ ಇಳಿದಿರಲಿಲ್ಲ. ಅತಿಥಿಗೆ ಊರು ತೋರಿಸುವ ನೆಪದಲ್ಲಿ ಕೋಲು ಕುಟ್ಟುತ್ತಾ ಮುಂದೆ ಮುಂದೆ ನಡೆದರು.

ಫ್ರೀಮಾಂಟಿಗೆ ಮರಳಿದ ಬೆಳಿಗ್ಗೆ ಎಲ್ವೀರಾ ಎದುರು ಬಂದು ನಿಂತರು. “ನಿಮ್ಮಮ್ಮ ನನಗಿಂತ ಜೋರಾಗಿ ನಡೀತಾರೆ,” ಎಂದರು ಪ್ರಭಾ. ಎಲ್ವೀರಾ ಸೆರಗಿನಂತೆ ಏಪ್ರನ್ ಎತ್ತಿ ಮುಖ ಮುಚ್ಚಿಕೊಂಡರು.

ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕುತ್ತಾ ಪ್ರಭಾ ಲಿಮಾದ ಕೊನೆಯ ದಿನದ ಸಂಗತಿ ಹೇಳುತ್ತಾರೆ: “ದೊಡ್ಡ ಚೌಕದಲ್ಲಿ ನಿಂತಿದ್ದೆ. ಬೆಟ್ಟದ ಸೀಮೆಯಿಂದ ಬಂದಿದ್ದ ಹೆಂಗ್ಸು, ಅವ್ರ ಥರಾನೇ ಇರೋ ನನ್ನ ಜಡೆ ನೋಡಿ ನಾನೂ ಆ ಊರವಳೇ ಅಂದ್ಕೊಂಡು, ಯಾವ ವ್ಯಾನು ಹತ್ತಬೇಕು ಅಂತ ಕೇಳಿದ್ಳು. ಹೇಳ್ದೆ. ಸರಿಯಾಗೇ ಹೇಳ್ದೆ ಕಣ್ರೀ.”