ಬಲಗೈಗೆ ಸಿಕ್ಕ ಬಿಡುವು

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿರುವ ನಮ್ಮ ಮನೆಯಿಂದ ಹರಿಹರದ ನನ್ನ ಶಾಲೆಗೆ ಮುಕ್ಕಾಲು ಗಂಟೆಯ ದಾರಿ. ಬಸ್ಸಿನಲ್ಲಿ ಇನ್ನೂ ಬೇಗ ಹೋಗಬಹುದು. ಆದರೆ ಬಸ್ಸಿನ ಮೊದಲ ಮೆಟ್ಟಿಲು ನನಗೆ ಎತ್ತರ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಬಲಗಾಲು ಸೊರಗಿತು. ಹಾಗಾಗಿ ಕೆಲಸಕ್ಕೆ ಸೇರಿದಾಗಿನಿಂದ ಓಡಾಟವೆಲ್ಲ ಮೂರು ಗಾಲಿಯ ಸ್ಕೂಟರಿನಲ್ಲೇ. ಹಿಂದಿನ ಒಂದು ಗಾಲಿ ತೆಗೆದು ಆ ಜಾಗಕ್ಕೆ ಎರಡು ಕೂರಿಸಿದ ಗಾಡಿ ಅದು. ನಿಲ್ಲಿಸಿದಾಗ ನೆಲಕ್ಕೆ ಕಾಲೂರಬೇಕಿಲ್ಲ. ಪಕ್ಕದಲ್ಲಿ ಊರುಗೋಲು ಸಿಕ್ಕಿಸಲು ಒಂದು ಪೈಪು ಇದೆ.

ಗಾಡಿಯ ಮೇಲೆ ಕುಳಿತರೆ ಕಾಲಿಗೆ ಕೆಲಸವಿಲ್ಲ, ಕೆಲಸವೆಲ್ಲ ಬಲಗೈಗೆ. ಎಕ್ಸಲೇಟರ್ ತಿರುವಿ ಹಿಡಿದ ಕೈ ಶಾಲೆ ಮುಟ್ಟುವವರೆಗೆ ಬಿಡುವಂತಿಲ್ಲ. ಇಳಿದ ಮೇಲೆ ಊರುಗೋಲೂ ಅದೇ ಕೈಗೆ. ಚಾಕ್‌ಪೀಸು, ಕೆಂಪು ಪೆನ್ನು, ಮನೆಗೆ ಬಂದರೆ ಲಟ್ಟಣಿಗೆ. ನಲವತ್ತೈದು ದಾಟಿದ ಮೇಲೆ ಮಣಿಕಟ್ಟು ಊದತೊಡಗಿತು. ನಿದ್ದೆಯಲ್ಲಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಎದ್ದು ಕೈ ಒದರುತ್ತ ಕೂತರೆ ಮತ್ತೆ ನಿದ್ದೆ ಬರುವುದು ಹಾಲಿನವನು ಬರುವ ಹೊತ್ತಿಗೆ. ಡಾಕ್ಟರು ನೋಡಿ, "ಕೈಗೆ ರೆಸ್ಟ್ ಕೊಡ್ರಿ ಮೇಡಂ" ಎಂದರು. ಹೇಗೆ ಕೊಡಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗಾಡಿಗೆ ಎರಡು ಗಾಲಿ ಕೂರಿಸಿಕೊಟ್ಟ ಮೆಕ್ಯಾನಿಕ್ ಹತ್ತಿರ ಒಂದು ಭಾನುವಾರ ಹೋದೆ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ನನ್ನ ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆ ನೋಡಿ ಒಳಗೆ ಹೋಗಿ ಒಂದು ಸಣ್ಣ ಸಾಮಾನು ತಂದರು. ಎಕ್ಸಲೇಟರಿನ ಹಿಡಿಗೆ ಕಚ್ಚಿಕೊಳ್ಳುವ ಪಟ್ಟಿ. ಹೆಬ್ಬೆರಳಿನಿಂದ ಒತ್ತಿದರೆ ಹಿಡಿ ಇದ್ದಲ್ಲೇ ನಿಲ್ಲುತ್ತದೆ, ಕೈ ತೆಗೆದರೂ ಗಾಡಿ ಅದೇ ವೇಗದಲ್ಲಿ ಓಡುತ್ತದೆ. ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ.

"ಊರೊಳಗೆ ಹಾಕಬ್ಯಾಡ್ರಿ. ದೊಡ್ಡಬಾತಿ ದಾಟಿದ ಮ್ಯಾಲೆ ಖುಲ್ಲಾ ರಸ್ತೆ ಸಿಕ್ತಲ್ಲ, ಅಲ್ಲಿ ಅಷ್ಟೇ. ಎಡಗೈ ಬ್ರೇಕ್ ಮ್ಯಾಲೇ ಇರ್ಬೇಕು" ಎಂದರು.

"ಬಿಡಿಸೋದು ಮರೆತ್ರೆ?"

"ಅದ್ಕೇ ನೋಡ್ರಿ, ಕೊಡಾಕೆ ನಂಗೆ ಮನಸ್ಸಿಲ್ಲ" ಎಂದವರೇ ಸ್ಕ್ರೂ ಬಿಗಿದರು.

ಮರುದಿನ ದೊಡ್ಡಬಾತಿ ದಾಟಿ, ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ ಪಟ್ಟಿ ಒತ್ತಿದೆ. ಹೆದರುತ್ತಲೇ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಗಾಡಿ ಓಡುತ್ತಲೇ ಇತ್ತು. ಬೆರಳುಗಳು ಬಿಚ್ಚಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ವರ್ಷದಲ್ಲಿ ಆ ರಸ್ತೆಯಲ್ಲಿ ಮೊದಲ ಬಾರಿಗೆ ಕನ್ನಡಕ ಒರೆಸಿಕೊಂಡೆ. ವಾರ ಕಳೆಯುವಷ್ಟರಲ್ಲಿ ಮಣಿಕಟ್ಟಿನ ಊತ ಇಳಿಯಿತು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಅದನ್ನು ಗಮನಿಸಿ, "ಮೊದ್ಲೇ ಹಾಕಿಸ್ಬೇಕಿತ್ತು" ಎಂದರು.

ಮೆಕ್ಕೆಜೋಳ ಒಣಗಿಸುವ ಕಾಲದಲ್ಲಿ ಆ ದಿನ ಬಂತು. ಪರೀಕ್ಷೆ ಮುಗಿದು ಮೂರು ದಿನದಿಂದ ಉತ್ತರಪತ್ರಿಕೆ ತಿದ್ದುತ್ತಿದ್ದೆ, ಕೈ ಮತ್ತೆ ಜೋಮು ಹಿಡಿಯುತ್ತಿತ್ತು. ಸಂಜೆ ನಾಲ್ಕೂವರೆಗೆ ಹರಿಹರದಿಂದ ಹೊರಟೆ. ಬೆನ್ನ ಮೇಲೆ ಬಿಸಿಲು, ಮುಂದೆ ಖಾಲಿ ರಸ್ತೆ. ಪಟ್ಟಿ ಒತ್ತಿ ಕೈ ಮಡಿಲಲ್ಲಿಟ್ಟುಕೊಂಡೆ. ಅಲ್ಲಿಂದ ಮುಂದಿನದು ನೆನಪಿಲ್ಲ.

ಎಚ್ಚರವಾದಾಗ ಗಾಡಿಯ ಕೆಳಗೆ ಚರಚರ ಸದ್ದು. ರಸ್ತೆಯಂಚಿಗೆ ಹರವಿದ್ದ ಮೆಕ್ಕೆಜೋಳದೊಳಗೆ ನುಗ್ಗಿದ್ದೆ. ಮುಂದಿನ ಗಾಲಿ ರಾಶಿಯಲ್ಲಿ ಹೂತಿತ್ತು, ಹಿಂದಿನವು ನಿಂತಲ್ಲೇ ತಿರುಗಿ ಕಾಳು ಎರಚುತ್ತಿದ್ದವು. ಇಂಜಿನ್ ಅರಚುತ್ತಿತ್ತು. ಪಟ್ಟಿ ಬಿಡಿಸಬೇಕೆಂಬುದೇ ಹೊಳೆಯದೆ ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದು ಕೂತಿದ್ದೆ.

"ಕೀ ತೆಗಿಯವ್ವ, ಕೀ ತೆಗಿ" ಎಂದು ಯಾರೋ ಕೂಗಿದರು. ಕೀ ತಿರುವಿದೆ.

ಕೂಗಿದವರು ಜೋಳ ಕಾಯುತ್ತಿದ್ದ ಅಜ್ಜಿ. ಸೀರೆ ಎತ್ತಿ ಕಟ್ಟಿ ಕಾಲಿನಿಂದ ಕಾಳು ತಿರುವುತ್ತಿದ್ದವರು. ಬೈಯುತ್ತಾರೆಂದುಕೊಂಡು ನಾನೇ ಮೊದಲು, "ಬ್ರೇಕ್ ಹಿಡೀಲಿಲ್ಲಮ್ಮ" ಎಂದೆ.

"ಸುಳ್ಳು ಯಾಕ ಹೇಳ್ತಿ? ದೂರದಿಂದ ನೋಡ್ತಾ ಇದ್ನಿ. ತಲಿ ಎದಿ ಮ್ಯಾಲೆ ಬಿದ್ದಿತ್ತು ನಿಂದು."

ಅಜ್ಜಿಯ ಹೆಜ್ಜೆಯ ಸಾಲು ಕಾಳಿನ ಮೇಲೆ ಕಾಣುತ್ತಿತ್ತು. ಅದರ ಮೇಲೇ ನನ್ನ ಗಾಡಿ ಹಾದಿತ್ತು.

"ನೀವು ಇಲ್ಲೇ ಇದ್ರಾ?"

"ಇದ್ನಿ. ಸರಿದ್ನಿ ಬಿಡು."

ಊರುಗೋಲಿಗೆ ಕೈ ಚಾಚಿದರೆ ಹಿಡಿಯಲಾಗಲಿಲ್ಲ. ಅಜ್ಜಿಯೇ ಅದನ್ನು ತೆಗೆದುಕೊಟ್ಟು, ರಟ್ಟೆ ಹಿಡಿದು ಇಳಿಸಿ, ಖಾಲಿ ಚೀಲ ಹಾಸಿ ಕೂರಿಸಿದರು. ಚೊಂಬಿನ ನೀರು ಕೊಟ್ಟರು. ಒಡೆದ ಕಾಳಿನ ಮಾತು ನಾನೇ ತೆಗೆದಾಗ, "ಕೋಳಿಗೆ ಆಗ್ತಾವೆ" ಎಂದಷ್ಟೇ ಹೇಳಿದರು. ಬಗ್ಗಿ ಬಾಚಲು ನನ್ನಿಂದಾಗದು. ಕೂತಲ್ಲಿಂದಲೇ ಕೈಗೆ ಸಿಕ್ಕಷ್ಟು ಕಾಳು ಒಳಗೆಳೆದೆ. ಅವರು ಬೇಡವೆನ್ನಲಿಲ್ಲ. ಹೂತ ಗಾಲಿ ಬಿಡುವವರೆಗೂ ಇಬ್ಬರೂ ಬಾಚಿದೆವು.

ಹೊರಡುವಾಗ, "ಮನ್ಯಾಗ ನಿದ್ದಿ ಮಾಡಾಕೆ ಆಗಲ್ಲೇನು ನಿಂಗೆ?" ಎಂದು ಕೇಳಿದರು. ಜೋಮು ಹಿಡಿಯುವ ಕೈಯ ಕತೆ ಹೇಳಿದೆ. ಅವರು ಕೈಯನ್ನು ತಿರುವಿ ನೋಡಿ, "ನಂದೂ ಹಂಗೇ ಐತೆ" ಎಂದು ತಮ್ಮದನ್ನು ತೋರಿಸಿದರು.

ನಾಲ್ಕು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಐದನೆಯ ದಿನ ಗಂಡ ಮಣಿಕಟ್ಟಿಗೆ ಎಣ್ಣೆ ಹಚ್ಚುತ್ತಿದ್ದಾಗ ಹೇಳಿಬಿಟ್ಟೆ. ಹಚ್ಚುವ ಕೈ ನಿಂತಿತು.

"ತೆಗೆಸಿಬಿಡು ಅದನ್ನ."

"ತೆಗೆಸಿದ್ರೆ ಕೈ ಏನ್ಮಾಡ್ಲಿ ರೀ?"

ಅವರು ಮತ್ತೆ ಎಣ್ಣೆ ಹಚ್ಚತೊಡಗಿದರು.

ಆ ವಾರವೇ ಪಟ್ಟಿ ತೆಗೆಸಿದೆ. ಎಕ್ಸಲೇಟರ್ ಹಿಡಿದ ನೋವೇ ಇಷ್ಟು ವರ್ಷ ನನ್ನನ್ನು ಎಚ್ಚರವಾಗಿಟ್ಟಿತ್ತೇನೋ ಎಂದು ಈಗ ಅನ್ನಿಸುತ್ತದೆ. ದಾವಣಗೆರೆಗೆ ವರ್ಗಾವಣೆ ಕೇಳಿ ಮತ್ತೊಮ್ಮೆ ಅರ್ಜಿ ಹಾಕಿದ್ದೇನೆ, ಇನ್ನೂ ಆಗಿಲ್ಲ. ಮಣಿಕಟ್ಟು ಮತ್ತೆ ಊದಿದೆ. ಈಗ ಅರ್ಧ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕೂರುತ್ತೇನೆ. ಗಾಡಿ ನೋಡಿ ಯಾರಾದರೂ ನಿಂತೇ ನಿಲ್ಲುತ್ತಾರೆ. "ಪೆಟ್ರೋಲ್ ಖಾಲಿ ಆತೇನ್ರಿ?" ಎಂದು ಕೇಳುತ್ತಾರೆ. ಮೊದಮೊದಲು ಇಂಜಿನ್ ಬಿಸಿಯಾಗಿದೆ ಎನ್ನುತ್ತಿದ್ದೆ. ಒಬ್ಬರಂತೂ ಇಳಿದು ಬಂದು ಇಂಜಿನ್ ಮುಟ್ಟಿಯೇ ನೋಡಿದರು. ಆಮೇಲೆ ಆ ಮಾತು ಬಿಟ್ಟೆ.

"ಗಾಡಿ ಚೆನ್ನಾಗೈತ್ರಿ. ನಂಗೇ ಸುಸ್ತಾಗೈತೆ" ಎನ್ನುತ್ತೇನೆ. ತಲೆಯಾಡಿಸಿ ಹೊರಟುಹೋಗುತ್ತಾರೆ.